ಆಫೀಸ್ 2007 ಬಿಟ್ಟು ಹೊಸದಕ್ಕೆ ಹೋಗಬೇಕು, 15 ವರ್ಷದ ಪ್ರಶ್ನೆಪತ್ರಿಕೆಗಳನ್ನು ಏನು ಮಾಡಲಿ?

ಲೆಕ್ಕದ ಟೀಚರ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಹೋದ ವಾರ ಹೊಸ ಲ್ಯಾಪ್‌ಟಾಪ್ ಬಂತು, ವಿಂಡೋಸ್ 11. ಇಲ್ಲಿಯವರೆಗೆ ಇದ್ದದ್ದು 2010ರಲ್ಲಿ ತಗೊಂಡ ಡೆಸ್ಕ್‌ಟಾಪ್. ಅದರಲ್ಲಿ ವಿಂಡೋಸ್ 7 ಮತ್ತು ಆಫೀಸ್ 2007. ಅದು ಕೆಟ್ಟಿಲ್ಲ, ಆದರೆ ತುಂಬಾ ನಿಧಾನ. ಬೆಳಿಗ್ಗೆ ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಇನ್ನೂ ಚಕ್ರ ತಿರುಗುತ್ತಲೇ ಇರುತ್ತದೆ.

ಡಾಕ್ಯುಮೆಂಟ್ಸ್ ಫೋಲ್ಡರನ್ನೂ ಡೆಸ್ಕ್‌ಟಾಪ್ ಮೇಲಿದ್ದ ಫೈಲುಗಳನ್ನೂ ಪೆನ್‌ಡ್ರೈವ್‌ಗೆ ಹಾಕಿ ಹೊಸದಕ್ಕೆ ತಂದೆ. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡೆ. ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ 365ರ ಒಂದು ತಿಂಗಳ ಟ್ರಯಲ್ ಮೊದಲೇ ಇತ್ತು. ಅದರಲ್ಲಿ ಹೋದ ವರ್ಷದ ಪ್ರಶ್ನೆಪತ್ರಿಕೆ ಒಂದನ್ನು ತೆರೆದೆ. ಮಾತುಗಳೆಲ್ಲ ಸರಿಯಾಗಿಯೇ ಇದ್ದವು. ಏಳನೇ ಪ್ರಶ್ನೆಗೆ ಬಂದಾಗ ಎದೆ ಧಸಕ್ಕೆಂದಿತು. ಅದು ಸರಣಿಯ ಮೊತ್ತದ ಲೆಕ್ಕ. 1 + 2 + 3 ಆದಮೇಲೆ ಮೂರು ಚುಕ್ಕೆ ಇರಬೇಕಿತ್ತು. ಅಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಕೂತಿತ್ತು. ಮಕ್ಕಳು ಅದನ್ನು ಓದಿದರೆ ಎಲ್ ಎನ್ನುವುದೊಂದು ಅಜ್ಞಾತ ಸಂಖ್ಯೆ ಅಂದುಕೊಂಡು ಅದರ ಬೆಲೆ ಹುಡುಕುತ್ತಾ ಕೂರುತ್ತಾರೆ, ಅಲ್ವಾ?

ತಿದ್ದೋಣ ಅಂತ ಆ ಸಮೀಕರಣದ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಇದನ್ನು ಬೇರೆ ರೂಪಕ್ಕೆ ಬದಲಾಯಿಸಲೇ ಎಂದು ಕೇಳಿತು. ಹೆದರಿ ಬೇಡ ಅಂದೆ. ಹಳೆಯದರಲ್ಲಿ ಡಬಲ್ ಕ್ಲಿಕ್ ಮಾಡಿದರೆ ಈಕ್ವೇಷನ್ ಎಡಿಟರ್ 3.0 ಎಂಬ ಪುಟ್ಟ ಕಿಟಕಿ ತೆರೆಯುತ್ತಿತ್ತು. ಭಿನ್ನರಾಶಿ, ವರ್ಗಮೂಲ, ಘಾತ ಎಲ್ಲ ಅಲ್ಲೇ ಒತ್ತಿ ಒತ್ತಿ ಮಾಡುತ್ತಿದ್ದೆ. ಅಂಥ ಪತ್ರಿಕೆಗಳು 340 ಇವೆ, ಎಲ್ಲವೂ ವರ್ಡಿನ ಹಳೆಯ ರೂಪದ ಡಾಕ್ ಫೈಲುಗಳು. ಅಚ್ಚು ಮಾಡಿಕೊಡುವವರು ಅದೇ ಬೇಕು ಅನ್ನುತ್ತಿದ್ದರು, ಹಾಗಾಗಿ ನಾನು ಹೊಸ ರೂಪವಾದ ಡಾಕ್ಸ್‌ಗೆ ಹೋಗಲೇ ಇಲ್ಲ.

ಇನ್ನೂ ಎರಡು ವಿಷಯ ಇವೆ. ಅಂಕಪಟ್ಟಿಗೆ ಒಂದು ಎಕ್ಸೆಲ್ ಫೈಲ್ ಇದೆ. ನಮ್ಮ ಜೊತೆಗಿದ್ದ ಒಬ್ಬ ಮೇಷ್ಟ್ರು ಅದಕ್ಕೆ ಮ್ಯಾಕ್ರೋ ಬರೆದುಕೊಟ್ಟಿದ್ದರು. ಒಂದು ಬಟನ್ ಒತ್ತಿದರೆ ಇಡೀ ತರಗತಿಯ ಕಾರ್ಡುಗಳು ಒಂದಾದ ಮೇಲೊಂದು ಪ್ರಿಂಟ್ ಆಗುತ್ತವೆ. ಅವರು ನಿವೃತ್ತರಾಗಿ ಬಹಳ ವರ್ಷ ಆಯಿತು. ಎರಡನೆಯದು ನನ್ನ ಮೇಲ್‌ಗಳು, ಎಲ್ಲ ಔಟ್‌ಲುಕ್‌ನಲ್ಲಿವೆ. ಓದಿ ಮುಂದೆ ಹೋದ ಮಕ್ಕಳು ಬರೆದ ಪತ್ರಗಳು. ಒಬ್ಬಳು ಈಗಲೂ ಒಂದು ಪ್ರಮೇಯಕ್ಕೆ ಹೊಸ ಸಾಧನೆ ಸಿಕ್ಕಿದರೆ ಬರೆದು ಕಳಿಸುತ್ತಾಳೆ. ಅದನ್ನೆಲ್ಲ ಹೇಗೆ ತರುವುದೋ ಗೊತ್ತಿಲ್ಲ.

ನನ್ನ ಹತ್ತಿರ 2007ರ ಡಿಸ್ಕ್ ಇದೆ. ಡಬ್ಬಿಯ ಮೇಲೆ 25 ಅಕ್ಷರದ ಕೀ ಕೂಡ ಇದೆ. ಆದರೆ ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಹೇಗಾದರೂ ಮಾಡಿ 2007ನ್ನೇ ಹಾಕಿಕೊಳ್ಳಲೇ? ಅಥವಾ ಹೊಸದು ತಗೊಳ್ಳಲೇ? ತಗೊಂಡರೆ ಯಾವುದು? ಹಳೆಯ ಕಂಪ್ಯೂಟರನ್ನು ಶನಿವಾರ ತಮ್ಮ ಬಂದು ತಗೊಂಡು ಹೋಗುತ್ತಾನೆ. ಎಲ್ಲ ಅಳಿಸಿ ಅವನ ಮಗನಿಗೆ ಕೊಡುತ್ತಾನಂತೆ. ಅಷ್ಟರೊಳಗೆ ತಿಳಿಸಿದರೆ ಉಪಕಾರ.


ಹಳೇ ಡಿಸ್ಕ್:

ಟೀಚರ್, ಧೈರ್ಯವಾಗಿ 2007 ಹಾಕಿ. ನನ್ನ ವಿಂಡೋಸ್ 11ರಲ್ಲಿ ವರ್ಡ್ 2007, ಎಕ್ಸೆಲ್ 2007 ಎರಡೂ ಓಡುತ್ತಿವೆ. ಡಿಸ್ಕ್ ಡ್ರೈವ್ ಇಲ್ಲ ಅಂತ ಚಿಂತೆ ಬೇಡ. ಹಳೆಯ ಕಂಪ್ಯೂಟರಿನಲ್ಲಿ ಡಿಸ್ಕ್ ಹಾಕಿ, ಅದರಲ್ಲಿರುವುದನ್ನೆಲ್ಲ ಹಾಗೇ ಪೆನ್‌ಡ್ರೈವ್‌ನ ಒಂದು ಫೋಲ್ಡರಿಗೆ ಕಾಪಿ ಮಾಡಿ. ಹೊಸದರಲ್ಲಿ ಅದರೊಳಗಿನ ಸೆಟಪ್ ಒತ್ತಿ. ನಾನು ಹಾಗೇ ಮಾಡಿದ್ದು. ಕೈಗೆ ಒಗ್ಗಿದ್ದನ್ನು ಬಿಡುವುದು ಕಷ್ಟ, ಸುಮ್ನೆ ಯಾಕೆ ಬಿಡಬೇಕು?


ಕರಡು ತಿದ್ದುವವ:

ಟೀಚರ್, ಮೊದಲು ಒಂದು ಮಾತು. ತಮ್ಮನಿಗೆ ಈಗಲೇ ಫೋನ್ ಮಾಡಿ, ಈ ಶನಿವಾರ ಬೇಡ ಅನ್ನಿ. ಮಿಕ್ಕದ್ದು ನಿಧಾನವಾಗಿ ಮಾತಾಡೋಣ.

ಯಾಕೆ ಅಂದರೆ ನಿಮ್ಮ ಮೇಲ್‌ಗಳು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಲ್ಲ. ಔಟ್‌ಲುಕ್ 2007 ಮೇಲ್‌ಗಳನ್ನು ಪಿಎಸ್‌ಟಿ ಎಂಬ ಒಂದೇ ಫೈಲಿನಲ್ಲಿ ಇಡುತ್ತದೆ. ಆ ಫೈಲನ್ನು ವಿಂಡೋಸ್ 7ರಲ್ಲಿ ಆ್ಯಪ್‌ಡೇಟಾ ಅನ್ನುವ ಫೋಲ್ಡರಿನೊಳಗೆ ಇಡುತ್ತದೆ. ಆ ಫೋಲ್ಡರ್ ಕಣ್ಣಿಗೆ ಬೀಳುವುದೇ ಇಲ್ಲ, ಮರೆಮಾಡಿರುತ್ತಾರೆ. ನೀವು ಕಾಪಿ ಮಾಡಿದ ಎರಡು ಜಾಗದಲ್ಲೂ ಅದು ಬಂದಿರುವುದಿಲ್ಲ. ನಿಮ್ಮ ಮೇಲ್ ಪಾಪ್ ವಿಧಾನದಲ್ಲಿ, ಅಂದರೆ ಸರ್ವರಿನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವ ರೀತಿಯಲ್ಲಿ, ಬರುತ್ತಿದ್ದರೆ ಸರ್ವರಿನಲ್ಲೂ ಪ್ರತಿ ಉಳಿದಿರುವುದು ಅನುಮಾನ. ಆಗ ಆ ಪತ್ರಗಳು ಪ್ರಪಂಚದಲ್ಲಿ ಇರುವುದು ಆ ಒಂದೇ ಡಿಸ್ಕಿನಲ್ಲಿ. ಅಳಿಸಿದರೆ ಮುಗಿಯಿತು.

ನನ್ನ ಕೆಲಸ ಪುಸ್ತಕಗಳ ಕರಡು ತಿದ್ದುವುದು. ಹತ್ತು ವರ್ಷ ಒಂದೊಂದೇ ಪದ ಸೇರಿಸಿ ವರ್ಡಿನ ನಿಘಂಟು ಬೆಳೆಸಿದ್ದೆ. ಊರ ಹೆಸರು, ಮನುಷ್ಯರ ಹೆಸರು, ಗಿಡಮರಗಳ ಹೆಸರು ಎಲ್ಲ ಅದರಲ್ಲಿದ್ದವು. ಕಂಪ್ಯೂಟರ್ ಬದಲಾಯಿಸಿದ ದಿನ ಫೈಲುಗಳನ್ನೆಲ್ಲ ಜೋಪಾನವಾಗಿ ತಂದೆ, ನಿಘಂಟನ್ನು ಬಿಟ್ಟು ಬಂದೆ. ಹೊಸದರಲ್ಲಿ ಮೊದಲ ಪುಟ ತೆರೆದಾಗ ಪುಟದ ತುಂಬಾ ಕೆಂಪು ಗೆರೆ. ಅಷ್ಟರಲ್ಲಿ ಹಳೆಯದನ್ನು ಕೊಟ್ಟಾಗಿತ್ತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಹಳೆಯ ಕಂಪ್ಯೂಟರಿನ ಮುಂದೆ ಕೂತು ಹೀಗೆ ಮಾಡಿ. ವರ್ಡ್, ಎಕ್ಸೆಲ್, ಔಟ್‌ಲುಕ್ ಎಲ್ಲ ಮುಚ್ಚಿ. ಔಟ್‌ಲುಕ್ ತೆರೆದಿದ್ದರೆ ಪಿಎಸ್‌ಟಿ ಕಾಪಿ ಆಗುವುದಿಲ್ಲ. ಸ್ಟಾರ್ಟ್ ಒತ್ತಿ, ಹುಡುಕುವ ಜಾಗದಲ್ಲಿ ಆ್ಯಪ್‌ಡೇಟಾ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಅದರ ಹಿಂದೊಂದು ಮುಂದೊಂದು ಶೇಕಡಾ ಗುರುತು ಇರಲಿ, ಮಧ್ಯೆ ಜಾಗ ಬೇಡ. ಎಂಟರ್ ಒತ್ತಿದರೆ ರೋಮಿಂಗ್ ಎಂಬ ಫೋಲ್ಡರ್ ತೆರೆಯುತ್ತದೆ. ಅದರೊಳಗಿನ ಮೈಕ್ರೋಸಾಫ್ಟ್ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಕೊಳ್ಳಿ. ಆಮೇಲೆ ಒಂದು ಮೆಟ್ಟಿಲು ಮೇಲೆ ಹೋದರೆ ಲೋಕಲ್ ಎಂಬ ಫೋಲ್ಡರ್ ಇದೆ. ಅದರಲ್ಲಿ ಮೈಕ್ರೋಸಾಫ್ಟ್, ಅದರಲ್ಲಿ ಔಟ್‌ಲುಕ್. ನಿಮ್ಮ ಪಿಎಸ್‌ಟಿ ಅಲ್ಲಿರುತ್ತದೆ.

ರೋಮಿಂಗ್‌ನಲ್ಲಿ ಏನಿದೆ ಅಂತ ಗೊತ್ತಿದ್ದರೆ ಒಳ್ಳೆಯದು. ಟೆಂಪ್ಲೇಟ್ಸ್ ಫೋಲ್ಡರಿನಲ್ಲಿರುವ ನಾರ್ಮಲ್ ಎಂಬ ಫೈಲು ವರ್ಡಿನ ಮೂಲ ಅಚ್ಚು. ನೀವು ಮಾಡಿಕೊಂಡ ಸ್ಟೈಲ್, ಮಾರ್ಜಿನ್ ಅದರಲ್ಲಿವೆ. ಯುಪ್ರೂಫ್ ಎಂಬ ಫೋಲ್ಡರಿನಲ್ಲಿ ಕಸ್ಟಮ್ ಡಿಕ್ ಇದೆ, ನಾನು ಕಳೆದುಕೊಂಡ ನಿಘಂಟು ಅದೇ. ಆಫೀಸ್ ಫೋಲ್ಡರಿನಲ್ಲಿ ಎಂಎಸ್‌ಒ ಎಂದು ಶುರುವಾಗಿ ಎಸಿಎಲ್ ಎಂದು ಮುಗಿಯುವ ಫೈಲ್ ಇದೆ. ಅದು ಆಟೋಕರೆಕ್ಟ್, ಕಿರುರೂಪ ಹೊಡೆದರೆ ಪೂರ್ತಿ ಮಾತು ಬರಿಸುವ ಪಟ್ಟಿ. ಅದರ ನಡುವಿನ ಸಂಖ್ಯೆ ಭಾಷೆಯದು. 1033 ಅಂದರೆ ಅಮೆರಿಕದ ಇಂಗ್ಲಿಷ್, 2057 ಅಂದರೆ ಬ್ರಿಟನ್ನಿನ ಇಂಗ್ಲಿಷ್. ನೀವು ಗಣಿತದವರು, ಪದೇ ಪದೇ ಬರುವ ಮಾತಿಗೆ ಎರಡಕ್ಷರದ ಕಿರುರೂಪ ಖಂಡಿತ ಮಾಡಿಕೊಂಡಿರುತ್ತೀರಿ. ಎಕ್ಸೆಲ್ ಫೋಲ್ಡರಿನೊಳಗೆ ಎಕ್ಸ್‌ಎಲ್‌ಸ್ಟಾರ್ಟ್ ಇದೆ. ಮ್ಯಾಕ್ರೋಗಳನ್ನು ಪರ್ಸನಲ್ ವರ್ಕ್‌ಬುಕ್‌ನಲ್ಲಿ ಇಟ್ಟಿದ್ದರೆ ಅವು ಅಲ್ಲಿರುತ್ತವೆ.

ಇನ್ನು ಆ ಎಲ್ ಅಕ್ಷರ. ಅದು ನಿಮ್ಮ ಫೈಲಿನ ತಪ್ಪಲ್ಲ. ಈಕ್ವೇಷನ್ ಎಡಿಟರ್ ಕೆಲವು ಗುರುತುಗಳನ್ನು ಎಂಟಿ ಎಕ್ಸ್‌ಟ್ರಾ ಎಂಬ ಫಾಂಟಿನಿಂದ ತರುತ್ತಿತ್ತು. ಆ ಫಾಂಟಿನಲ್ಲಿ ಎಲ್ ಇರುವ ಮನೆಯಲ್ಲಿ ಮೂರು ಚುಕ್ಕೆ ಇದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಚುಕ್ಕೆ ಹೋಗಿ ಅಕ್ಷರ ಕಾಣುತ್ತದೆ. ಹಳೆಯದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಾಂಟ್ಸ್ ತೆರೆಯಿರಿ, ಎಂಟಿ ಎಕ್ಸ್‌ಟ್ರಾ ಹುಡುಕಿ ಕಾಪಿ ಮಾಡಿ ತನ್ನಿ. ಹೊಸದರಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ.

ಈಕ್ವೇಷನ್ ಎಡಿಟರ್ 3.0 ಯಾಕೆ ಹೋಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಅದು 2000ನೇ ಇಸವಿಯಲ್ಲಿ ಸಿದ್ಧವಾದ ಪ್ರೋಗ್ರಾಂ. ಅದರೊಳಗೊಂದು ದೊಡ್ಡ ಭದ್ರತಾ ಲೋಪ 17 ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತು. ಬೇಕೆಂದೇ ಕೆಡಿಸಿದ ಒಂದು ಡಾಕ್ಯುಮೆಂಟ್ ತೆರೆದರೆ ಸಾಕು, ಬೇರೆಯವರ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ಓಡಬಹುದಿತ್ತು. 2017ರ ನವೆಂಬರಿನಲ್ಲಿ ತೇಪೆ ಹಾಕಿದರು. 2018ರ ಜನವರಿಯ ಅಪ್‌ಡೇಟ್‌ನಲ್ಲಿ ಪೂರ್ತಿ ತೆಗೆದೇಬಿಟ್ಟರು. ನಿಮ್ಮ ಡೆಸ್ಕ್‌ಟಾಪಿನಲ್ಲಿ ಅದು ಇನ್ನೂ ಇದೆ ಅಂದರೆ ಆ ಅಪ್‌ಡೇಟ್ ಅದಕ್ಕೆ ಬಂದೇ ಇಲ್ಲ.

ಅದಕ್ಕೇ ಹಳೇ ಡಿಸ್ಕ್ ಅವರ ಮಾತಿಗೆ ನಾನು ಒಪ್ಪುವುದಿಲ್ಲ. ಸರ್, ನಿಮ್ಮ ಕಂಪ್ಯೂಟರಿನಲ್ಲಿ 2007 ಓಡುತ್ತಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ 2017ರ ಅಕ್ಟೋಬರ್ 10ಕ್ಕೆ ಬೆಂಬಲ ನಿಂತಿದೆ. ವಿಂಡೋಸ್ 11ಕ್ಕಾಗಿ ಅದನ್ನು ಮಾಡಿದ್ದೂ ಅಲ್ಲ. ಟೀಚರ್‌ಗೆ ದಿನಾ ಹತ್ತಾರು ಜನರಿಂದ ಫೈಲ್ ಬರುತ್ತದೆ. ಬಾಗಿಲಿಗೆ ಚಿಲಕ ಇಲ್ಲದ ಮನೆಯಲ್ಲಿ ಒಬ್ಬರೇ ಇರುವುದು ಬೇರೆ, ದಿನವಿಡೀ ಜನ ಬಂದು ಹೋಗುವುದು ಬೇರೆ. ಜೊತೆಗೆ ಟ್ರಯಲ್ ಮತ್ತು 2007 ಎರಡೂ ಒಂದೇ ಕಂಪ್ಯೂಟರಿನಲ್ಲಿದ್ದರೆ ಫೈಲ್ ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ ತೆರೆದು ತಲೆ ಕೆಡುತ್ತದೆ.

ಯಾವುದು ತಗೊಳ್ಳಬೇಕು ಅನ್ನುವುದು ಆಮೇಲಿನ ಮಾತು. ನಿಮ್ಮ ಕೈಯಲ್ಲಿ ಒಂದು ತಿಂಗಳಿದೆ. ಟ್ರಯಲ್ ಮುಗಿದರೆ ಫೈಲ್ ತೆರೆದು ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದಲು ಮಾತ್ರ ಬಿಡುವುದಿಲ್ಲ. ಹಾಗಾಗಿ ಸಮೀಕರಣಗಳನ್ನು ಈಗಲೇ ಬದಲಾಯಿಸಿಕೊಳ್ಳಿ. ಅದು ಕೇಳಿದಾಗ ಬೇಡ ಅಂದಿರಲ್ಲ, ಇನ್ನೊಂದು ಸಲ ಕೇಳಿದರೆ ಹೂಂ ಅನ್ನಿ. ಆದರೆ ಕ್ರಮ ಮುಖ್ಯ. ಮೊದಲು ಫೈಲಿನ ಒಂದು ಪ್ರತಿ ಮಾಡಿ. ಪ್ರತಿಯನ್ನು ತೆರೆದು ಫೈಲ್ ಮೆನುವಿನ ಇನ್ಫೋದಲ್ಲಿ ಕನ್ವರ್ಟ್ ಒತ್ತಿ ಡಾಕ್ಸ್ ಮಾಡಿ. ಡಾಕ್ ಆಗಿಯೇ ಉಳಿಸಿದರೆ ಹೊಸ ಸಮೀಕರಣಗಳು ಸುಮ್ನೆ ಚಿತ್ರಗಳಾಗಿಬಿಡುತ್ತವೆ, ಮತ್ತೆ ತಿದ್ದಲು ಬರುವುದಿಲ್ಲ. ಡಾಕ್ಸ್ ಆದ ಮೇಲೆ ಒಂದು ಸಮೀಕರಣದ ಮೇಲೆ ಡಬಲ್ ಕ್ಲಿಕ್ ಮಾಡಿ, ಎಲ್ಲ ಸಮೀಕರಣಕ್ಕೂ ಅನ್ವಯಿಸು ಎಂಬುದನ್ನು ಆರಿಸಿ. ಇಡೀ ಪತ್ರಿಕೆ ಒಟ್ಟಿಗೆ ಬದಲಾಗುತ್ತದೆ.

ಅಂಕಪಟ್ಟಿಯ ಫೈಲನ್ನು ಪೆನ್‌ಡ್ರೈವ್‌ನಲ್ಲೇ ತನ್ನಿ, ನಿಮಗೆ ನೀವೇ ಮೇಲ್ ಮಾಡಿಕೊಳ್ಳಬೇಡಿ. ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು 2022ರಿಂದ ತಾನಾಗಿಯೇ ತಡೆಯುತ್ತಾರೆ. ಈಗಾಗಲೇ ಮೇಲ್‌ನಲ್ಲಿ ತಂದಿದ್ದರೆ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡಿ. ಹೊಸ ರೂಪದಲ್ಲಿ ಉಳಿಸುವಾಗ ಎಕ್ಸ್‌ಎಲ್‌ಎಸ್‌ಎಂ ಆರಿಸಿ. ಎಕ್ಸ್‌ಎಲ್‌ಎಸ್‌ಎಕ್ಸ್ ಆರಿಸಿದರೆ ಮೇಷ್ಟ್ರು ಬರೆದ ಮ್ಯಾಕ್ರೋ ಅಳಿಸಿಹೋಗುತ್ತದೆ.


ಬಿಡು ತಂತ್ರಾಂಶ:

ದುಡ್ಡು ಕೊಡದೇ ಇರುವ ದಾರಿಯೂ ಇದೆ, ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ಲಿಬ್ರೆ ಆಫೀಸ್. 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದದ್ದು, ಇವತ್ತಿಗೂ ಹೊಸ ಆವೃತ್ತಿಗಳು ಬರುತ್ತಲೇ ಇವೆ. ಡಾಕ್, ಎಕ್ಸ್‌ಎಲ್‌ಎಸ್ ಫೈಲುಗಳನ್ನು ತೆರೆಯುತ್ತದೆ.

ಟೀಚರ್‌ಗೆ ಬೇಕಾದ ವಿಷಯ ಅಂದರೆ ಇದು ಈಕ್ವೇಷನ್ ಎಡಿಟರಿನ ಸಮೀಕರಣಗಳನ್ನು ತನ್ನದೇ ಮ್ಯಾತ್ ರೂಪಕ್ಕೆ ಬದಲಾಯಿಸಿಕೊಳ್ಳುತ್ತದೆ. ಟೂಲ್ಸ್‌ನಲ್ಲಿ ಆಪ್ಷನ್ಸ್, ಅದರಲ್ಲಿ ಲೋಡ್ ಸೇವ್, ಅದರಲ್ಲಿ ಮೈಕ್ರೋಸಾಫ್ಟ್ ಆಫೀಸ್. ಅಲ್ಲಿ ಮ್ಯಾತ್‌ಟೈಪ್ ಎಂಬ ಸಾಲಿಗೆ ಗುರುತು ಹಾಕಿರಬೇಕು. ನಾನು ಭೌತಶಾಸ್ತ್ರದ ಟಿಪ್ಪಣಿಗಳನ್ನು ಹೀಗೇ ಉಳಿಸಿಕೊಂಡೆ. ಅಲ್ಲಿ ಸಮೀಕರಣವನ್ನು ಸಾಲಾಗಿ ಟೈಪ್ ಮಾಡಿಯೂ ಬರೆಯಬಹುದು. ಎ ಓವರ್ ಬಿ ಎಂದು ಹೊಡೆದರೆ ಭಿನ್ನರಾಶಿ ಬರುತ್ತದೆ. ಅಭ್ಯಾಸ ಆದರೆ ಮೌಸ್ ಒತ್ತುವುದಕ್ಕಿಂತ ಬೇಗ.

ಮ್ಯಾಕ್ರೋ ವಿಷಯದಲ್ಲಿ ಮಾತ್ರ ಭರವಸೆ ಕೊಡಲಾರೆ. ಸರಳವಾದವು ಓಡುತ್ತವೆ. ಪ್ರಿಂಟರ್ ಜೊತೆ ಮಾತಾಡುವಂಥವು ಕೈ ಕೊಡಬಹುದು.


ಒಮ್ಮೆ ಸಿಕ್ಕಿಬಿದ್ದವಳು:

ಒಂದೇ ಮಾತು. ಹೊಸದು ತಗೊಳ್ಳುವಾಗ ಬರೀ ಕೀ ಮಾರುವವರ ಹತ್ತಿರ ಹೋಗಬೇಡಿ. ನಾನು ಒಬ್ಬರಿಂದ ತಗೊಂಡೆ, ತೀರಾ ಕಡಿಮೆ ಬೆಲೆ ಅಂತ. ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ದಿನ ತೆರೆದರೆ ಈ ಕೀ ನಡೆಯುವುದಿಲ್ಲ ಅಂತ ಕೆಂಪು ಪಟ್ಟಿ. ಅದು ಯಾವುದೋ ಸಂಸ್ಥೆಗೆ ಕೊಟ್ಟಿದ್ದ ಕೀ ಅಂತ ಆಮೇಲೆ ಗೊತ್ತಾಯಿತು. ಮಾರಿದವರು ಫೋನ್ ಎತ್ತಲಿಲ್ಲ. ನಾಳೆ ಒಪ್ಪಿಸಬೇಕಾದ ವರದಿ ಎದುರಿಗಿತ್ತು, ಒಂದಕ್ಷರ ತಿದ್ದಲು ಆಗಲಿಲ್ಲ. ಆ ರಾತ್ರಿ ಯಾರಿಗೂ ಬೇಡ.


ಲೆಕ್ಕದ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕರಡು ತಿದ್ದುವವರ ಮೊದಲ ಸಾಲು ಓದಿದ ಕೂಡಲೇ ತಮ್ಮನಿಗೆ ಫೋನ್ ಮಾಡಿದೆ. ಅವನು ಆಯ್ತಕ್ಕ, ಯಾವಾಗ ಹೇಳ್ತೀಯೋ ಆವಾಗ ಬರ್ತೀನಿ ಅಂದ.

ಮೂರು ಸಂಜೆ ಕೂತು ಏನೇನಾಯಿತು ಅಂತ ಬರೆಯುತ್ತೇನೆ. ಮುಂದೆ ನನ್ನ ಹಾಗೆ ಬರುವವರಿಗೆ ಸಹಾಯ ಆಗಲಿ.

ಪಿಎಸ್‌ಟಿ ನೀವು ಹೇಳಿದ ಜಾಗದಲ್ಲೇ ಸಿಕ್ಕಿತು. 5.2 ಜಿಬಿ ಇದೆ. ಪೆನ್‌ಡ್ರೈವ್‌ನಲ್ಲಿ 11 ಜಿಬಿ ಖಾಲಿ ಇತ್ತು. ಆದರೂ ಫೈಲ್ ತುಂಬಾ ದೊಡ್ಡದು, ಹಿಡಿಯುವುದಿಲ್ಲ ಅಂತ ಹೇಳಿತು. ಮೂರು ಸಲ ಪ್ರಯತ್ನಪಟ್ಟೆ. ಖಾಲಿ ಇದ್ದೂ ಹಿಡಿಯುವುದಿಲ್ಲ ಅಂದರೆ ಏನರ್ಥ ಅಂತ ತುಂಬಾ ಹೊತ್ತು ಯೋಚಿಸಿದೆ. ಕೊನೆಗೆ ನನ್ನ ಒಬ್ಬ ವಿದ್ಯಾರ್ಥಿ ಹೇಳಿದ. ಪೆನ್‌ಡ್ರೈವ್ ಫ್ಯಾಟ್32 ಎಂಬ ರೀತಿಯಲ್ಲಿ ಫಾರ್ಮ್ಯಾಟ್ ಆಗಿತ್ತಂತೆ. ಅದರಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದಿರುವ ಹಾಗಿಲ್ಲ. ಒಳಗಿದ್ದದ್ದನ್ನು ಬೇರೆ ಕಡೆ ಇಟ್ಟು, ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಿದೆ. ಆಮೇಲೆ ಒಂದೇ ಸಲಕ್ಕೆ ಹೋಯಿತು.

ಎಂಟಿ ಎಕ್ಸ್‌ಟ್ರಾ ಹಾಕಿ ವರ್ಡ್ ಮುಚ್ಚಿ ತೆರೆದೆ. ಏಳನೇ ಪ್ರಶ್ನೆಯಲ್ಲಿ ಮೂರು ಚುಕ್ಕೆ ವಾಪಸ್ ಬಂದಿತ್ತು! ಒಬ್ಬಳೇ ಕೂತು ನಕ್ಕೆ.

ಆಮೇಲೆ ಪರಿವರ್ತನೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಒಂದು ಪತ್ರಿಕೆಯ ಪ್ರತಿ ಮಾಡಿ ಡಾಕ್ಸ್ ಮಾಡಿದೆ, ಒಟ್ಟಿಗೆ ಬದಲಾಯಿಸಿದೆ. ಹಳೆಯ ಪ್ರಿಂಟ್ ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ಸಮೀಕರಣ ಬೆರಳಿಟ್ಟು ನೋಡಿದೆ, ಉತ್ತರಪತ್ರಿಕೆ ತಿದ್ದುವ ಹಾಗೆ. 31 ಸಮೀಕರಣದಲ್ಲಿ 29 ಸರಿ. ವರ್ಗಸಮೀಕರಣದ ಸೂತ್ರ ಎಷ್ಟು ಚೆನ್ನಾಗಿ ಬಂತು ಅಂದರೆ, ವರ್ಗಮೂಲದ ಗೆರೆ ಒಳಗಿನ ಪದಗಳ ಮೇಲೆ ಪೂರ್ತಿ ಹರಡಿದೆ. ಹಳೆಯದರಲ್ಲಿ ಕೊನೆಯ ಅಕ್ಷರದ ಹತ್ತಿರ ಸ್ವಲ್ಪ ಮೊಂಡಾಗಿ ಕಾಣುತ್ತಿತ್ತು. ತಪ್ಪಿದ ಎರಡೂ ಒಂದೇ ಥರದವು. ನಾನು ಅಂದು ಸಮೀಕರಣದ ಕಿಟಕಿಯೊಳಗೇ ಒಂದು ಪೂರ್ತಿ ವಾಕ್ಯ ಟೈಪ್ ಮಾಡಿದ್ದೆ. ಅದರಲ್ಲಿ ಪದಗಳ ನಡುವಿನ ಜಾಗ ಹೋಗಿ ಎಲ್ಲ ಅಂಟಿಕೊಂಡಿತ್ತು. ವಾಕ್ಯವನ್ನು ಹೊರಗೆ ತಂದು ಟೈಪ್ ಮಾಡಿದೆ, ಸರಿಹೋಯಿತು. ಇನ್ನೊಂದು, ಹೊಸ ಸಮೀಕರಣಗಳು ಸ್ವಲ್ಪ ಎತ್ತರ ಜಾಸ್ತಿ. ಎರಡು ಪುಟದ ಪತ್ರಿಕೆ ಮೂರನೇ ಪುಟಕ್ಕೆ ಎರಡು ಸಾಲು ಚಾಚಿತು. ಸಾಲಿನ ಅಂತರ ಒಂಚೂರು ಇಳಿಸಿದೆ.

ದಿನಕ್ಕೆ 15 ಪತ್ರಿಕೆ ಅಂತ ಲೆಕ್ಕ ಹಾಕಿದ್ದೇನೆ. 340ಕ್ಕೆ 23 ದಿನ ಬೇಕು. ಟ್ರಯಲ್ ಮುಗಿಯಲು ಇನ್ನು 19 ದಿನ ಇದೆ. ಹಾಗಾಗಿ ಪಠ್ಯ ಬದಲಾದ ವರ್ಷಗಳ ಪತ್ರಿಕೆಗಳನ್ನು ಕೊನೆಗೆ ಇಟ್ಟಿದ್ದೇನೆ. ಅವನ್ನು ಪಿಡಿಎಫ್ ಮಾಡಿಟ್ಟರೂ ಸಾಕು.

ಅಂಕಪಟ್ಟಿ ನನ್ನನ್ನು ನಿಜವಾಗಿ ಸತಾಯಿಸಿತು. ಬಟನ್ ಒತ್ತಿದ ಕೂಡಲೇ ಕಂಪೈಲ್ ಎರರ್. 64-ಬಿಟ್‌ಗೆ ತಕ್ಕ ಹಾಗೆ ಕೋಡ್ ಬದಲಾಯಿಸಿ, ಡಿಕ್ಲೇರ್ ಎಂಬ ಸಾಲುಗಳಿಗೆ ಪಿಟಿಆರ್‌ಸೇಫ್ ಎಂದು ಗುರುತು ಹಾಕಿ ಎಂಬ ಅರ್ಥದ ಸಂದೇಶ. ಮೇಲಿನಿಂದ ಮೂರನೇ ಸಾಲು ಕೆಂಪಾಗಿತ್ತು. ನಾನು ಮ್ಯಾಕ್ರೋದ ಒಳಗೆ ಹೋಗಿದ್ದೇ ಅವತ್ತು ಮೊದಲು. ಅಲ್ಲಿ ಮೇಷ್ಟ್ರು ಪಕ್ಕದಲ್ಲೇ ಟಿಪ್ಪಣಿ ಬರೆದಿಟ್ಟಿದ್ದಾರೆ. ಪ್ರಿಂಟರಿಗೆ ಉಸಿರಾಡಲು ಎರಡು ಸೆಕೆಂಡ್ ಅಂತ. ಒಂದು ಕಾರ್ಡಿಗೂ ಇನ್ನೊಂದಕ್ಕೂ ನಡುವೆ ನಿಲ್ಲಿಸಲು ವಿಂಡೋಸ್‌ನ ಸ್ಲೀಪ್ ಎಂಬುದನ್ನು ಕರೆದಿದ್ದರು. ಅದೇ ಸಾಲು ತೊಡಕು. ಏನು ಮಾಡಲಿ?


ಕರಡು ತಿದ್ದುವವ:

ಟೀಚರ್, ಇದು ಒಂದೇ ಪದದ ಕೆಲಸ. ಆ ಸಾಲಿನಲ್ಲಿ ಡಿಕ್ಲೇರ್ ಎಂಬ ಪದ ಇದೆ, ಅದರ ಮುಂದೆ ಸಬ್ ಇದೆ. ಎರಡರ ನಡುವೆ ಪಿಟಿಆರ್‌ಸೇಫ್ ಎಂದು ಇಂಗ್ಲಿಷಿನಲ್ಲಿ ಸೇರಿಸಿ. ಸ್ಲೀಪ್‌ಗೆ ಅಷ್ಟು ಸಾಕು. ಆಫೀಸ್ 2007 ಬರೀ 32-ಬಿಟ್ ಇತ್ತು, 2010ರಿಂದ 64-ಬಿಟ್ ಕೂಡ ಬಂತು. ಹೊಸ ಕಂಪ್ಯೂಟರಿನಲ್ಲಿ ಬರುವುದು ಸಾಮಾನ್ಯವಾಗಿ 64-ಬಿಟ್. ಅದಕ್ಕೇ ಈ ತೊಡಕು.

ಪಿಎಸ್‌ಟಿಯನ್ನು ಪೆನ್‌ಡ್ರೈವ್‌ನಿಂದಲೇ ತೆರೆಯಬೇಡಿ, ಮೊದಲು ಲ್ಯಾಪ್‌ಟಾಪಿನ ಡಿಸ್ಕಿಗೆ ಹಾಕಿಕೊಳ್ಳಿ. ಔಟ್‌ಲುಕ್ ಈಗ ಎರಡು ಇವೆ, ಕ್ಲಾಸಿಕ್ ಮತ್ತು ಹೊಸದು. ಕ್ಲಾಸಿಕ್ ತೆರೆಯಿರಿ. ಫೈಲ್ ಮೆನುವಿನಲ್ಲಿ ಓಪನ್ ಅಂಡ್ ಎಕ್ಸ್‌ಪೋರ್ಟ್, ಅದರಲ್ಲಿ ಔಟ್‌ಲುಕ್ ಡೇಟಾ ಫೈಲ್.

ಈಗ ಯಾವುದು ತಗೊಳ್ಳುವುದು ಅನ್ನುವ ಮಾತು. ನೀವು ವರ್ಷ ವರ್ಷ ಕಟ್ಟುವುದು ಇಷ್ಟಪಡದಿದ್ದರೆ ಒಮ್ಮೆ ಕೊಟ್ಟು ಮುಗಿಸುವ ಆಫೀಸ್ 2024 ಇದೆ. ಅದಕ್ಕೆ 2029ರ ಅಕ್ಟೋಬರ್ 9ರವರೆಗೆ ಬೆಂಬಲ ಇದೆ. ಒಂದೇ ಕಂಪ್ಯೂಟರಿಗೆ. ಒಂದು ಎಚ್ಚರ, ಹೋಮ್ 2024ರಲ್ಲಿ ಔಟ್‌ಲುಕ್ ಇರುವುದಿಲ್ಲ. ನಿಮಗೆ ಹೋಮ್ ಅಂಡ್ ಬಿಸಿನೆಸ್ ಬೇಕು. ಯಾರಾದರೂ 2019 ಅಥವಾ 2016 ಅಗ್ಗಕ್ಕೆ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು.


ಹಳೇ ಡಿಸ್ಕ್:

ಈಕ್ವೇಷನ್ ಎಡಿಟರಿನ ಲೋಪ ನನಗೆ ಗೊತ್ತಿರಲಿಲ್ಲ. ಇವತ್ತು ನನ್ನ 2007ರಲ್ಲಿ ಹುಡುಕಿದೆ, ಇನ್ನೂ ಇದೆ. ಬಿಡು ತಂತ್ರಾಂಶ ಅವರೇ, ಲಿಬ್ರೆ ಆಫೀಸ್ ಇಳಿಸಿಕೊಂಡಿದ್ದೇನೆ. ನನಗೆ ಪತ್ರ ಬರೆಯುವುದು, ಖರ್ಚಿನ ಲೆಕ್ಕ ಇಡುವುದು, ಅಷ್ಟೇ ಕೆಲಸ. ಸಾಕಾಗುತ್ತದೆ ಅನ್ನಿಸುತ್ತದೆ.


ಲೆಕ್ಕದ ಟೀಚರ್:

ಪಿಟಿಆರ್‌ಸೇಫ್ ಸೇರಿಸಿದೆ. ಬಟನ್ ಒತ್ತಿದೆ. ಮೊದಲ ಕಾರ್ಡ್ ಬಂತು, ಎರಡು ಸೆಕೆಂಡ್ ನಿಂತಿತು, ಎರಡನೆಯದು ಬಂತು. 42 ಕಾರ್ಡೂ ಬಂದವು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಆ ಸಾಲು ಇನ್ನೂ ನೆನಪಿದೆ.

ಎಸಿಎಲ್ ಫೈಲನ್ನೂ ವರ್ಡ್ ಮುಚ್ಚಿ ಹೊಸದರ ಆಫೀಸ್ ಫೋಲ್ಡರಿಗೆ ಹಾಕಿದೆ. ಪಿಟಿ ಎಂದು ಹೊಡೆದು ಸ್ಪೇಸ್ ಒತ್ತಿದರೆ ಪ್ರೂವ್ ದಟ್ ಎಂದು ಬರುತ್ತದೆ, ಮೊದಲಿನ ಹಾಗೇ. ಆದರೆ ಪತ್ರಿಕೆಯ ತಲೆಬರಹಕ್ಕೆ ಒಂದು ಕಿರುರೂಪ ಇತ್ತು, ದಪ್ಪಕ್ಷರ, ಗೆರೆ, ಎಲ್ಲ ಸೇರಿಸಿ. ಅದು ಮಾತ್ರ ಬರಲಿಲ್ಲ.


ಕರಡು ತಿದ್ದುವವ:

ಅಲಂಕಾರ ಇರುವ ಕಿರುರೂಪಗಳು ಎಸಿಎಲ್‌ನಲ್ಲಿ ಇರುವುದಿಲ್ಲ, ನಾರ್ಮಲ್ ಫೈಲಿನಲ್ಲಿ ಇರುತ್ತವೆ. ಹಳೆಯ ನಾರ್ಮಲ್ ಅನ್ನು ಹೊಸದರ ಮೇಲೆ ಹೇರಬೇಡಿ. ಹಳೆಯ ಕಂಪ್ಯೂಟರಿನಲ್ಲಿ ಒಂದು ಖಾಲಿ ಪುಟಕ್ಕೆ ಆ ತಲೆಬರಹ ಬರಿಸಿ, ಉಳಿಸಿ, ತನ್ನಿ. ಹೊಸದರಲ್ಲಿ ಅದನ್ನು ಸೆಲೆಕ್ಟ್ ಮಾಡಿ ಆಟೋಕರೆಕ್ಟ್‌ಗೆ ಮತ್ತೆ ಸೇರಿಸಿ. ಸೇರಿಸುವಾಗ ಫಾರ್ಮ್ಯಾಟೆಡ್ ಟೆಕ್ಸ್ಟ್ ಎಂಬುದನ್ನು ಆರಿಸಿ. ಐದು ನಿಮಿಷದ ಕೆಲಸ.


ಲೆಕ್ಕದ ಟೀಚರ್:

ಆಯಿತು, ತಲೆಬರಹ ಬಂತು.

ನಿನ್ನೆ ರಾತ್ರಿ ಪಿಎಸ್‌ಟಿ ತೆರೆದೆ. 2011ರಿಂದ ಎಲ್ಲ ಇದೆ. ಪ್ರಮೇಯ ಕಳಿಸುವ ಆ ಹುಡುಗಿಯ ಮೊದಲ ಪತ್ರ ಹುಡುಕಿ ಓದಿದೆ. ಪೈಥಾಗರಸ್‌ನದು, ಚಿತ್ರ ಕೈಯಲ್ಲಿ ಬಿಡಿಸಿ ಫೋಟೋ ತೆಗೆದು ಅಂಟಿಸಿದ್ದಾಳೆ. ಚಿತ್ರವೂ ತೆರೆಯಿತು. ಪಿಎಸ್‌ಟಿಯ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೇನೆ.

ಹೋಮ್ ಅಂಡ್ ಬಿಸಿನೆಸ್ 2024 ತಗೊಳ್ಳುವುದು ಅಂತ ತೀರ್ಮಾನ ಮಾಡಿದೆ, ಟ್ರಯಲ್‌ನಲ್ಲಿ ಪತ್ರಿಕೆಗಳ ಪರಿವರ್ತನೆ ಮುಗಿದ ಮೇಲೆ. ಇವತ್ತಿಗೆ 96 ಆಗಿವೆ. ತಮ್ಮನಿಗೆ ಪರೀಕ್ಷೆ ಮುಗಿದ ಮೇಲೆ ಬಾ ಅಂದಿದ್ದೇನೆ. ಅಲ್ಲಿಯವರೆಗೆ ಹಳೆಯದು ಮೇಜಿನ ಕೆಳಗೆ ಇರುತ್ತದೆ, ಪ್ಲಗ್ ತೆಗೆದಿಲ್ಲ.